ಮುಟ್ಟಬಾರದ ಸಾಲು

"ಮೇಷ್ಟ್ರೇ, ಎಲ್ಲವನ್ನೂ ಬರೆದು ಕೊಟ್ಟುಬಿಟ್ಟರೆ ಆಮೇಲೆ ನನ್ನನ್ನು ಯಾರು ಕರೆಯುತ್ತಾರೆ?" ಎಂದು ಶಾಂಭವಿ ಕೇಳಿದಳು.

ಶಾಂಭವಿ ಕಂಪನಿಯ ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಸಣ್ಣಪುಟ್ಟ ಸಂಸ್ಥೆಗಳಿಗೆ ಬೇಕಾದ ಸಾಫ್ಟ್‌ವೇರನ್ನು ಒಬ್ಬಳೇ ಮಾಡಿಕೊಡುತ್ತಿದ್ದಳು. ಮೂರು ಊರುಗಳಲ್ಲಿ ರಕ್ತ ಪರೀಕ್ಷೆಯ ಲ್ಯಾಬು ನಡೆಸುವ ಗಂಡ ಹೆಂಡತಿ ಅವಳ ದೊಡ್ಡ ಗಿರಾಕಿಗಳು. "ಪ್ರೋಗ್ರಾಮು ನಡೆಸೋದು ಹೇಗೆ ಅಂತ ಸೋಮವಾರದೊಳಗೆ ಎಲ್ಲಾ ಬರೆದು ಕೊಡಮ್ಮಾ, ನಮ್ಮ ಕೆಲಸದವರೂ ಕಲಿತುಕೊಳ್ಳಲಿ" ಎಂದಿದ್ದರು. ಅವಳು ನಲವತ್ತು ಪುಟ ಬರೆದಿದ್ದಳು. ಪ್ರೋಗ್ರಾಮು ನಿಂತುಹೋದರೆ ಮತ್ತೆ ಹೇಗೆ ನಡೆಸಬೇಕು ಎನ್ನುವ ಕೊನೆಯ ಪುಟ ಮಾತ್ರ ತಲೆಯಲ್ಲೇ ಉಳಿದಿತ್ತು. ಅದನ್ನು ಬರೆಯಲೋ ಬೇಡವೋ ಎಂದು ಕೇಳಲು ಗುರುಬಸವಯ್ಯ ಮೇಷ್ಟರ ಬಳಿಗೆ ಬಂದಿದ್ದಳು. ಪಾಲಿಟೆಕ್ನಿಕ್ಕಿನಲ್ಲಿ ಅವಳಿಂದ ಮೊದಲ ಪ್ರೋಗ್ರಾಮು ಬರೆಸಿದವರು ಅವರೇ.

ಕೇಳಿದ ಕೂಡಲೇ ಉತ್ತರ ಕೊಡುವ ಜಾಯಮಾನ ಮೇಷ್ಟರದಲ್ಲ. "ಬರೆ ಅಂದರೆ ಬರೆಯುತ್ತೀಯ, ಆಮೇಲೆ ಜನ್ಮವಿಡೀ ನನ್ನನ್ನು ಬೈದುಕೊಳ್ಳುತ್ತೀಯ. ಅದರ ಬದಲು ಒಂದು ಕತೆ ಕೇಳು" ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಸಲಹೆಗಾರನಿದ್ದ. ಸಲಹೆ ಅಂದರೆ ಬಾಯಿಮಾತಿನದಲ್ಲ, ಕಂಪ್ಯೂಟರಿನದು. ಯಾರ ಕೈಕೆಳಗೂ ಇರಲಾರೆ ಎಂದು ನಿನ್ನ ಹಾಗೆಯೇ ಕೆಲಸ ಬಿಟ್ಟವನು. ಬಿಡುವಾಗ ಎದೆಯುಬ್ಬಿಸಿಕೊಂಡೇ ಬಿಟ್ಟ. ಮೇಲಿನವರಿಲ್ಲದ ಕೋಣೆಯಲ್ಲಿ ಪಕ್ಕದವರೂ ಇರುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಒಂದು ಮೇಜು, ಒಂದು ಕುರ್ಚಿ, ಅವನು. ಎರಡು ದಿನ ಯಾರೂ ಕರೆಯದಿದ್ದರೆ ಫೋನೇ ಕೆಟ್ಟಿರಬೇಕು ಎಂದು ಹೆಂಡತಿಯ ಫೋನಿನಿಂದ ತನ್ನ ನಂಬರಿಗೆ ತಾನೇ ಕರೆ ಮಾಡಿ ನೋಡುವನು. ಅದು ಚೆನ್ನಾಗಿಯೇ ರಿಂಗಾಗುವುದು. ಕೆಟ್ಟಿರುವುದು ಫೋನಲ್ಲ ಎಂದು ಖಾತ್ರಿಯಾಗುವುದು. ನಗಬೇಡ, ನೀನೂ ಮಾಡಿರುತ್ತೀಯ.

ಶಾಂಭವಿ ನಗಲಿಲ್ಲ. ಹೋದ ವಾರವೇ ಮಾಡಿದ್ದಳು.

ಈ ಸಲಹೆಗಾರ ದೂರದ ಒಂದು ಊರಿನ ಹಾಲಿನ ಡೇರಿಗೆ ಪ್ರೋಗ್ರಾಮು ಬರೆದುಕೊಟ್ಟ. ಬೆಳಿಗ್ಗೆ ಆರಕ್ಕೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಯಾರು ಎಷ್ಟು ಹಾಲು ಹಾಕಿದರು, ಫ್ಯಾಟು ಎಷ್ಟು, ಎಲ್ಲವನ್ನೂ ಅದು ಬರೆದಿಟ್ಟುಕೊಂಡು ಚೀಟಿ ಕೊಡುತ್ತದೆ. ನಡೆಸುತ್ತಿದ್ದವಳು ಅಲ್ಲಿಯ ಒಬ್ಬ ಗುಮಾಸ್ತೆ. ಒಳ್ಳೆಯ ಪ್ರೋಗ್ರಾಮು, ಇಲ್ಲವೆನ್ನುವುದಿಲ್ಲ. ಆದರೆ ವರ್ಷದ ಅಂಕಿಯನ್ನು ಕಂಪ್ಯೂಟರಿಗೆ ಬಿಡದೆ ತಾನೇ ಒಂದು ಸಾಲಿನಲ್ಲಿ ಕೈಯಾರೆ ಬರೆದುಬಿಟ್ಟಿದ್ದ. ಏಪ್ರಿಲ್ ಒಂದನೇ ತಾರೀಕು ಲೆಕ್ಕದ ವರ್ಷ ಬದಲಾಯಿತು ನೋಡು, ಪ್ರೋಗ್ರಾಮು ಮುಷ್ಕರ ಹೂಡಿತು. ಪಾಪ, ಬಸ್ಸು ಹತ್ತಿ ಡೇರಿಗೆ ಓಡಿಬಂದ. ಅಂಕಿ ಬದಲಿಸಿದ. "ಥೂ, ಮರೆತೇಬಿಟ್ಟಿದ್ದೆ" ಎಂದು ನಾಚಿಕೊಂಡ. ಮೊದಲ ವರ್ಷ ಅದು ನಿಜವಾಗಿಯೂ ಮರೆವೇ.

ಅವತ್ತು ಡೇರಿಯವರು ಅವನಿಗೆ ಕುರ್ಚಿ ಹಾಕಿ ಕೂರಿಸಿದರು. ಗುಮಾಸ್ತೆ ಗಟ್ಟಿ ಹಾಲಿನ ಕಾಫಿ ಮಾಡಿಕೊಟ್ಟಳು. ನೀವು ಬರದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದರು. ಎಷ್ಟೋ ತಿಂಗಳಿಂದ ಯಾರೂ ಅವನಿಗೆ ಅಂಥ ಮಾತು ಹೇಳಿರಲಿಲ್ಲ. ಎದೆ ತಂಪಾಯಿತು. ಹೊರಡುವ ಮುಂಚೆ ಆ ಸಾಲನ್ನು ಸರಿಪಡಿಸಬಹುದಿತ್ತು, ಅರ್ಧ ಗಂಟೆ ಸಾಕಿತ್ತು. ಸರಿಪಡಿಸಲಿಲ್ಲ. ಸಾಲಿನ ಮೇಲೆ ಒಂದು ಟಿಪ್ಪಣಿ ಬರೆದ: "ಇದನ್ನು ಯಾರೂ ಮುಟ್ಟಬಾರದು. ನನ್ನನ್ನು ಕೇಳಿ."

ಕೆಟ್ಟವನೇನಲ್ಲ. ಅವನನ್ನು ಬೈಯುವ ಮನಸ್ಸು ನನಗಿಲ್ಲ. ವರ್ಷಕ್ಕೊಂದು ಸಲವಾದರೂ ತನ್ನ ದಾರಿ ಕಾಯುವ ಒಂದು ಊರಿರಲಿ ಎಂದು ಆಸೆಪಟ್ಟ, ಅಷ್ಟೇ.

ಹೀಗೆ ಒಂಬತ್ತು ವರ್ಷ ನಡೆಯಿತು. ಪ್ರತಿ ಏಪ್ರಿಲ್ ಒಂದಕ್ಕೆ ಒಂಬತ್ತು ಗಂಟೆಯ ಬಸ್ಸಿನಿಂದ ಇಳಿಯುವನು. ಪರದೆಯ ಮೇಲೆ ಕೆಂಪು ಅಕ್ಷರ ಕೂತಿರುವುದು. ಒಂದು ಗಂಟೆ ಏನೇನೋ ಕುಟ್ಟಿ, ಹುಬ್ಬು ಗಂಟಿಕ್ಕಿ, "ಈ ಸಲ ಸ್ವಲ್ಪ ಕಷ್ಟವೇ ಇದೆ" ಎಂದು ಗೊಣಗಿ, ಕೊನೆಗೆ ಅಂಕಿ ಬದಲಿಸುವನು. ಕೆಲಸ ಅರೆಗಳಿಗೆಯದು, ಮಿಕ್ಕಿದ್ದು ನಾಟಕ. ಗುಮಾಸ್ತೆ ಹಿಂದೆ ನಿಂತು ನೋಡುವಳು. ಆಮೇಲೆ ಕಾಫಿ, ಊಟ, ಮಾತು. ಹೆಂಡತಿಯ ಮಂಡಿನೋವು ಹೇಗಿದೆ ಎಂದು ಕೇಳುವಳು. ಅವನು ಹೇಳುವನು. ಇಷ್ಟೆಲ್ಲ ಮಾತಾಡಿದವನು, ಬೆಳಿಗ್ಗೆ ಆರಕ್ಕೆ ಬಂದ ಹಾಲನ್ನು ಪ್ರೋಗ್ರಾಮಿಲ್ಲದೆ ಹೇಗೆ ತೆಗೆದುಕೊಂಡಿರಿ ಎಂದು ಒಂದು ವರ್ಷವೂ ಕೇಳಲಿಲ್ಲ.

ಹತ್ತನೆಯ ವರ್ಷ, ಮಾರ್ಚ್ ಕೊನೆಗೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ತೊಡೆಯವರೆಗೆ ಪಟ್ಟಿ. ಏಪ್ರಿಲ್ ಒಂದು ಬೆಳಗಾಯಿತು. ಮಲಗಿದಲ್ಲೇ ಅವನ ಕಣ್ಣಿಗೆ ಡೇರಿಯ ಮುಂದಿನ ಜನರ ಸಾಲು ಕಾಣತೊಡಗಿತು. ನಿಂತವರು ನಿಂತೇ ಇದ್ದಾರೆ, ಬಿಸಿಲು ಏರುತ್ತಿದೆ. ಹಾಲು ಯಾರಿಗಾಗಿಯೂ ಕಾಯುವುದಿಲ್ಲವಲ್ಲ. ನನ್ನ ಒಂದು ಆಸೆಗೆ ಇಷ್ಟು ಜನರ ಹಾಲು ಒಡೆಯಬೇಕೇ ಎಂದುಕೊಂಡ. ನಾಚಿಕೆಯನ್ನು ಪಕ್ಕಕ್ಕಿಟ್ಟು ಫೋನು ಮಾಡಿದ.

"ಅಮ್ಮಾ, ಈ ಸಲ ನನಗೆ ಬರೋಕಾಗಲಿಲ್ಲ. ನಿಂತುಹೋಗಿದೆ ಅಲ್ವಾ? ಒಂದೇ ಒಂದು ಸಾಲು ಬದಲಾಯಿಸಬೇಕು, ಹೇಳ್ತೀನಿ, ಬರೆದುಕೊಳ್ಳಿ" ಎಂದ.

ಗುಮಾಸ್ತೆ ತಡವರಿಸುತ್ತಾ ಹೇಳಿದಳು. "ಇಲ್ಲ ಸಾರ್, ನಡೀತಾ ಇದೆ. ಆ ಅಂಕಿ ನನಗೆ ಗೊತ್ತು. ಆರು ವರ್ಷದಿಂದ ಬೆಳಿಗ್ಗೆ ನಾನೇ ಹೊಸದು ಹಾಕಿ ಹಾಲು ತಗೋತಿದ್ದೆ. ನಿಮ್ಮ ಬಸ್ಸು ಬರೋ ಹೊತ್ತಿಗೆ ಮತ್ತೆ ಹಳೇದನ್ನೇ ಹಾಕಿಡ್ತಿದ್ದೆ."

"ಯಾಕಮ್ಮಾ?"

"ಅಷ್ಟು ದೂರದಿಂದ ಬರ್ತೀರಿ. ಬಂದೋರಿಗೆ ಏನೂ ಕೆಲಸ ಇಲ್ಲ ಅಂದ್ರೆ ಬೇಜಾರಾಗಲ್ವಾ ಸಾರ್? ಅದಿರಲಿ, ಯಾಕೆ ಬರಲಿಲ್ಲ? ಹುಷಾರಾಗಿದ್ದೀರಿ ತಾನೇ?"

ಅವನು ಫೋನು ಕೆಳಗಿಟ್ಟು ಅತ್ತ. ಕಾಲು ನೋಯುತ್ತಿರಬೇಕು ಎಂದು ಹೆಂಡತಿ ಮಾತ್ರೆ ತಂದಳು. ಅದನ್ನೂ ನುಂಗಿದ.

ಕಾಲು ಕೂಡಿಕೊಂಡ ಮೇಲೆ, ಆಷಾಢದಲ್ಲಿ, ಯಾರೂ ಕರೆಯದೆಯೇ ಡೇರಿಗೆ ಹೋದ. ಹಿಂದಿನ ದಿನವೇ ಹೋಗಿ ಊರಿನಲ್ಲಿ ಉಳಿದುಕೊಂಡು ಬೆಳಿಗ್ಗೆ ಐದೂವರೆಗೆ ಬಾಗಿಲಲ್ಲಿ ನಿಂತಿದ್ದ. ಆ ಸಾಲನ್ನು ಸರಿಪಡಿಸಿದ. ಟಿಪ್ಪಣಿ ಅಳಿಸಿದ. ಆಮೇಲೆ ಮಾಡಲು ಏನೂ ಉಳಿಯಲಿಲ್ಲವಾದ್ದರಿಂದ ಹಾಲು ಹಾಕುವವರನ್ನು ನೋಡುತ್ತ ನಿಂತ. ಹತ್ತು ವರ್ಷದಲ್ಲಿ ಅದೇ ಮೊದಲು. ಓದು ಬಾರದ ಒಬ್ಬ ಅಜ್ಜಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಕೊನೆಗೆ ಪಕ್ಕದವಳ ಕೈಯಲ್ಲಿ ಓದಿಸಿಕೊಂಡಳು. ಪಕ್ಕದವಳು ಓದಿದ್ದನ್ನು ಅಜ್ಜಿ ಅಷ್ಟೇನೂ ನಂಬಿದ ಹಾಗೆ ಕಾಣಲಿಲ್ಲ. "ಅಳತೆಯನ್ನು ಕಂಪ್ಯೂಟರೇ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಹಾಗೆ ಮಾಡಿಕೊಡಲಾ?" ಎಂದು ಗುಮಾಸ್ತೆಯನ್ನು ಕೇಳಿದ.

"ಅಯ್ಯೋ, ಎಷ್ಟು ವರ್ಷದಿಂದ ಅದನ್ನೇ ಕೇಳಬೇಕು ಅಂತಿದ್ದೆ ಸಾರ್! ನೀವು ಬಂದಾಗೆಲ್ಲ ಆ ಅಂಕಿ ಹಿಡಿದುಕೊಂಡು ಕೂತಿರ್ತಿದ್ರಲ್ಲ, ನಡುವೆ ಹೇಗೆ ಮಾತಾಡಿಸೋದು?" ಎಂದಳು ಅವಳು.

ಆ ಕೆಲಸಕ್ಕೆ ಅವನಿಗೆ ಮೂರು ತಿಂಗಳು ಹಿಡಿಯಿತು. ಅಜ್ಜಿ ಮಾತ್ರ ಕಂಪ್ಯೂಟರಿನ ದನಿಯನ್ನೂ ಎರಡೆರಡು ಸಲ ಕೇಳಿಸಿಕೊಂಡೇ ಮನೆಗೆ ಹೋಗುತ್ತಿದ್ದಳಂತೆ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಶಾಂಭವಿಯ ಭಯ ಇನ್ನೂ ಹೋಗಿರಲಿಲ್ಲ.

"ಆ ಗುಮಾಸ್ತೆ ಒಳ್ಳೆಯವಳು ಮೇಷ್ಟ್ರೇ. ಎಲ್ಲರೂ ಹಾಗಿರುತ್ತಾರಾ? ಲ್ಯಾಬು ನಡೆಸುವ ಅಕ್ಕ ಪ್ರೋಗ್ರಾಮು ನಿಂತುಹೋಯಿತು ಅಂತ ಹೋದ ತಿಂಗಳು ಎರಡು ಸಲ ಕರೆದರು. ನಾನು ಹೋಗಿ ಮುಟ್ಟಿದ ಕೂಡಲೇ ಸರಿಹೋಯಿತು. ಊಟ ಹಾಕಿ, ಸಂಜೆಯವರೆಗೆ ಕೂರಿಸಿಕೊಂಡು ಕಳಿಸಿದರು. ಆ ಕೊನೆಯ ಪುಟ ಗೊತ್ತಾಗಿಬಿಟ್ಟರೆ ನನ್ನನ್ನು ಯಾಕೆ ಕರೆಯುತ್ತಾರೆ?"

ಮೇಷ್ಟ್ರು ಅವಳ ಮುಖವನ್ನೇ ಅಕ್ಕರೆಯಿಂದ ನೋಡಿ ಕೇಳಿದರು: "ಅದು ಅವರಿಗೆ ಇನ್ನೂ ಗೊತ್ತಿಲ್ಲ ಅಂತ ನಿನಗೆ ಹೇಳಿದವರು ಯಾರು, ತಾಯಿ?"