ಬಿರಡೆ ತಿರುಗಿಸಿದವನು

"ಗುರುಗಳೇ, ವಯಸ್ಸಾದ ಮೇಲೂ ಊರೂರು ತಿರುಗಿ ಹಾಡುವವರು ಹಾಡುತ್ತಲೇ ಇರಬೇಕೋ, ಇಲ್ಲ ಒಂದು ದಿನ ತಾವಾಗಿಯೇ ನಿಲ್ಲಿಸಬೇಕೋ?"

ಕೇಳಿದವನು ನರಹರಿ. ಹದಿನೆಂಟು ವರ್ಷದಿಂದ ಗುರುಗಳ ಹತ್ತಿರ ಸಂಗೀತ ಕಲಿಯುತ್ತಿರುವ ಶಿಷ್ಯ. ಅವನ ತಲೆಯಲ್ಲೂ ಈಗ ಬಿಳಿ ಕೂದಲು ಕಾಣಿಸಿಕೊಂಡಿದೆ. ಆ ದಿನ ಬೆಳಿಗ್ಗೆಯೂ ಅವನು ಎಂದಿನಂತೆ ಒಳಗಿನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಗುರುಗಳ ತಂಬೂರಿಯನ್ನು ಶ್ರುತಿ ಮಾಡಿ ತಂದು ಅವರ ಮುಂದಿಟ್ಟಿದ್ದ.

"ಯಾರ ವಿಷಯ ಕೇಳುತ್ತಿದ್ದೀಯ?" ಎಂದರು ಗುರುಗಳು.

"ಪೇಪರಿನಲ್ಲಿ ಬಂದಿದೆ ಗುರುಗಳೇ. ಯಾವುದೋ ರಾಕ್ ಬ್ಯಾಂಡ್ ಅಂತೆ, ಐವತ್ತು ವರ್ಷದ್ದು. ಎಲ್ಲರಿಗೂ ಎಪ್ಪತ್ತು ದಾಟಿದೆ. ಇದೇ ಕೊನೆಯ ಪ್ರವಾಸ ಅಂತ ಮೂರು ಸಲ ಹೇಳಿ, ಈಗ ನಾಲ್ಕನೇ ಸಲ ಹೊರಟಿದ್ದಾರೆ."

ಗುರುಗಳು ಪೇಪರನ್ನು ನೋಡಿದರು. ಆಮೇಲೆ ಗೋಡೆಯ ಗೂಡಿನ ಕಡೆ ನೋಡಿದರು. ಅಲ್ಲಿ ನಗರದ ಸಂಗೀತ ಸಭೆಯಿಂದ ಬಂದ ಕಾಗದವಿತ್ತು. ಬರುವ ತಿಂಗಳು ತಾವೇ ಬಂದು ಹಾಡಬೇಕು ಎಂದು ಸಭೆಯವರು ಬರೆದಿದ್ದರು. ಗುರುಗಳಿಗೆ ಎಪ್ಪತ್ತಾರು. ಕಾಗದ ಬಂದು ಹತ್ತು ದಿನವಾಗಿತ್ತು. ಹೂಂ ಎಂದೂ ಬರೆದಿರಲಿಲ್ಲ, ಉಹೂಂ ಎಂದೂ ಬರೆದಿರಲಿಲ್ಲ.

ಗುರುಗಳದು ಅನುಮಾನದ ಸ್ವಭಾವ. ಹಾಲಿನವನನ್ನು ನಂಬುವವರಲ್ಲ, ಹೊಗಳುವವರನ್ನಂತೂ ಹತ್ತಿರವೇ ಸೇರಿಸುವವರಲ್ಲ. ನರಹರಿ ಬೆಳಿಗ್ಗೆ ಆರು ಗಂಟೆಗೆ ಬಂದು ಕೂತದ್ದು ರಾಕ್ ಬ್ಯಾಂಡಿನ ಯೋಗಕ್ಷೇಮ ವಿಚಾರಿಸುವುದಕ್ಕಲ್ಲ ಎಂದು ಅವರಿಗೆ ಆಗಲೇ ಅನ್ನಿಸಿತ್ತು. ಒಂದು ಕತೆ ಹೇಳಿದರು.

ಒಂದು ಬ್ಯಾಂಡ್ ಇತ್ತು. ಅದರಲ್ಲಿ ಮೂರು ಜನ. ಒಬ್ಬ ಹಾಡುಗಾರ, ಒಬ್ಬ ಗಿಟಾರಿನವ, ಒಬ್ಬ ಡ್ರಮ್ಮಿನವ. ಮೂವರೂ ಒಂದೇ ಶಾಲೆಯಲ್ಲಿ ಓದಿದವರು. ಶಾಲೆಯ ಪ್ರಾರ್ಥನೆಯ ಹಾರ್ಮೋನಿಯಮ್ಮಿನಿಂದ ಶ್ರುತಿ ಹಿಡಿದು, ಶಾಲೆಯ ಹಿಂದಿನ ಶೆಡ್ಡಿನಲ್ಲಿ ಅಭ್ಯಾಸ ಮಾಡಿ, ಮೀಸೆ ಬಲಿಯುವ ಹೊತ್ತಿಗೆ ವೇದಿಕೆ ಹತ್ತಿದರು. ಹತ್ತಿದವರು ನಲವತ್ತು ವರ್ಷ ಇಳಿಯಲಿಲ್ಲ.

ಅವರದೊಂದು ಹಾಡಿತ್ತು. ಅದನ್ನು ಎಲ್ಲದಕ್ಕಿಂತ ಕೊನೆಗೆ ಹಾಡುತ್ತಿದ್ದರು. ಹಾಡಿನ ನಡುವೆ ಒಂದು ಕಡೆ ವಾದ್ಯಗಳೆಲ್ಲ ನಿಲ್ಲಬೇಕು, ಹಾಡುಗಾರ ಒಬ್ಬನೇ ಒಂದು ಕೂಗು ಹಾಕಬೇಕು. ಅದರಲ್ಲಿ ಮಾತಿಲ್ಲ, ಅರ್ಥವಿಲ್ಲ, ಬರೀ ಕೂಗು. ಅದು ಮೇಲೆ ಹತ್ತಿ, ತಾರಸ್ಥಾಯಿ ಮುಟ್ಟಿ, ಅಲ್ಲೇ ನಿಲ್ಲಬೇಕು. ಜನ ಬರುತ್ತಿದ್ದದ್ದೇ ಆ ಕೂಗಿಗೆ. ಅವನು ಕೂಗಿದಾಗ ಮೈದಾನವೆಲ್ಲ ಅವನ ಜೊತೆಗೆ ಕೂಗುತ್ತಿತ್ತು. ಗುಮಾಸ್ತರು ಕೂಗುತ್ತಿದ್ದರು, ಹೆಡ್‌ಮಾಸ್ತರರು ಕೂಗುತ್ತಿದ್ದರು, ಮನೆಯಲ್ಲಿ ದನಿ ಎತ್ತದ ಹೆಂಗಸರೂ ಕೂಗುತ್ತಿದ್ದರು.

ಬ್ಯಾಂಡಿನಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಹಾಡುವುದಕ್ಕೆ ಮೊದಲು ಗಿಟಾರಿನವ ಪರದೆಯ ಹಿಂದೆ ಒಬ್ಬನೇ ಕೂತು ಬಿರಡೆಗಳನ್ನು ತಿರುಗಿಸಿ ಶ್ರುತಿ ಮಾಡಿಕೊಳ್ಳುತ್ತಿದ್ದ. ಆಮೇಲೆ ಹೊರಗೆ ಬಂದು ಒಂದು ತಂತಿ ಮೀಟುತ್ತಿದ್ದ. ಹಾಡುಗಾರ ಅದನ್ನು ಹಿಡಿದುಕೊಂಡು ಹಾಡುತ್ತಿದ್ದ. ಅದು ಯಾವ ಸ್ವರ ಎಂದು ಅವನು ಒಮ್ಮೆಯೂ ಕೇಳಿದವನಲ್ಲ. ಬಡಿಸಿದ ಎಲೆಯ ಮುಂದೆ ಕೂತವನು ಒಲೆ ಯಾರು ಹೊತ್ತಿಸಿದರು ಎಂದು ಕೇಳುತ್ತಾನೆಯೇ?

ಇಲ್ಲಿ ಗುರುಗಳು ಒಂದು ಗುಟುಕು ನೀರು ಕುಡಿದರು. ನರಹರಿ ತಂಬೂರಿಯ ಗವಸನ್ನು ಮಡಿಸುತ್ತಿದ್ದ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ.

ಮೂವರಿಗೂ ಅರವತ್ತು ದಾಟಿತು. ಡ್ರಮ್ಮಿನವ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಕೂರುವಂತಾಯಿತು. ಗಿಟಾರಿನವನ ಬೆರಳಿನ ಗೆಣ್ಣುಗಳು ಊದಿಕೊಂಡವು, ಚುರುಕಾದ ಕಡೆಗಳಲ್ಲಿ ಒಂದೆರಡು ಸ್ವರ ಜಾರಿಹೋಗತೊಡಗಿದವು. ಹಾಡುಗಾರನ ಕೂಗು ಮಾತ್ರ ಹಾಗೆಯೇ ಇತ್ತು. ಪ್ರತಿ ಸಲ ಹತ್ತುತ್ತಿತ್ತು, ಪ್ರತಿ ಸಲ ನಿಲ್ಲುತ್ತಿತ್ತು. ಅದು ನಿಂತಾಗ ಅವನು ತಿರುಗಿ, ನೋಡಿದಿರಾ ಎನ್ನುವಂತೆ ಉಳಿದಿಬ್ಬರ ಮುಖ ನೋಡುತ್ತಿದ್ದ. ದೇವರು ಕೊಟ್ಟ ಗಂಟಲು ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ಇಬ್ಬರೂ ಸುಮ್ಮನೆ ತಲೆಯಾಡಿಸುತ್ತಿದ್ದರು.

ಒಂದು ದಿನ ಗಿಟಾರಿನವ ಹೇಳಿದ. "ಸಾಕು ಮಾಡೋಣ ಕಣೋ. ಮುಂದಿನ ವಾರ ನಮ್ಮೂರಲ್ಲಿ ಹಾಡ್ತೀವಲ್ಲ, ಅದೇ ಕೊನೇದು ಅಂದ್ಕೊಳ್ಳೋಣ."

"ನಿನ್ನ ಬೆರಳು ಸೋತಿದೆ ಅಂತ ನನ್ನ ಗಂಟಲು ಯಾಕೋ ಮುಚ್ಚಬೇಕು?" ಎಂದ ಹಾಡುಗಾರ.

ಗಿಟಾರಿನವ ಉತ್ತರ ಕೊಡಲಿಲ್ಲ. ಆ ಮೌನವೇ ಹಾಡುಗಾರನ ತಲೆಗೆ ಹುಳ ಬಿಟ್ಟಿತು.

ಇವನು ಯಾಕೆ ಮಾತಾಡಲಿಲ್ಲ? ಏನನ್ನೋ ಮುಚ್ಚಿಡುತ್ತಿದ್ದಾನೆ. ಹೋದ ತಿಂಗಳು ಒಬ್ಬ ಹೊಸ ಹಾಡುಗಾರ ಬಂದು ಇವನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದ. ಕಾಲು ಮುಟ್ಟುವುದಕ್ಕೆ ಕಾಲು ಗಂಟೆ ಯಾಕೆ ಬೇಕು? ಡ್ರಮ್ಮಿನವನೂ ಅಲ್ಲೇ ನಿಂತಿದ್ದ. ಇಬ್ಬರೂ ಸೇರಿಯೇ ಮಾಡುತ್ತಿದ್ದಾರೆ. ಹೀಗೆ ಯೋಚಿಸಿ ಹಾಡುಗಾರ ತನ್ನ ಬಿಸಿನೀರಿನ ಫ್ಲಾಸ್ಕನ್ನು ಬಗಲಲ್ಲೇ ಇಟ್ಟುಕೊಂಡು ತಿರುಗತೊಡಗಿದ, ಯಾರು ಏನು ಬೆರೆಸುತ್ತಾರೋ ಎಂದು. ಮೈಕಿನವನು ನಕ್ಕರೆ ಯಾಕೆ ನಕ್ಕ ಎಂದು ಕೇಳಿದ. ನಗದಿದ್ದರೆ ಯಾಕೆ ನಗಲಿಲ್ಲ ಎಂದು ಯೋಚಿಸಿದ. ನಲವತ್ತು ವರ್ಷ ಒಂದೇ ಬಟ್ಟಲಲ್ಲಿ ಉಂಡವರು ಒಂದೇ ವಾರದಲ್ಲಿ ಅವನಿಗೆ ಪರಕೀಯರಾದರು.

ಊರಿಗೆ ಹೋಗುವ ಹಿಂದಿನ ಕಾರ್ಯಕ್ರಮದಲ್ಲಿ ಅವನು ಪರದೆಯ ಸಂದಿಯಿಂದ ಇಣುಕಿದ. ಗಿಟಾರಿನವ ಬಿರಡೆ ತಿರುಗಿಸುತ್ತಿದ್ದ. ಕಿವಿಗೊಟ್ಟು ಕೇಳುತ್ತಿದ್ದ. ಮತ್ತೆ ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಶ್ರುತಿ ಮಾಡಲು ಇಷ್ಟು ಹೊತ್ತು ಬೇಕೇ? ಹಾಡುಗಾರನಿಗೆ ಎಲ್ಲವೂ ಅರ್ಥವಾದಂತಾಯಿತು. ಇವನು ಶ್ರುತಿ ಏರಿಸುತ್ತಿದ್ದಾನೆ. ಸ್ವಲ್ಪ ಸ್ವಲ್ಪವೇ ಏರಿಸಿ, ಊರಿನ ಜನರ ಮುಂದೆ ನನ್ನ ಕೂಗು ಒಡೆಯುವಂತೆ ಮಾಡಿ, ಇವನಿಗೆ ವಯಸ್ಸಾಯಿತು ಎಂದು ನನ್ನನ್ನು ಕಳಿಸಿಬಿಡುವ ಉಪಾಯ.

ಅನುಮಾನಕ್ಕೆ ಒಂದು ಗುಣವಿದೆ ನರಹರಿ. ಎಷ್ಟೋ ಸಲ ಅದು ಸರಿಯಾದ ಬಾಗಿಲನ್ನೇ ತಟ್ಟುತ್ತದೆ. ಆದರೆ ಒಳಗಿರುವವರ ಹೆಸರನ್ನು ತಪ್ಪಾಗಿ ಕೂಗುತ್ತದೆ.

ಊರಿನ ಕಾರ್ಯಕ್ರಮ ಅವರು ಓದಿದ ಶಾಲೆಯ ಮೈದಾನದಲ್ಲೇ ಇತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹಾಡುಗಾರ ಗಿಟಾರನ್ನು ಎತ್ತಿಕೊಂಡು ಪ್ರಾರ್ಥನೆಯ ಕೋಣೆಗೆ ಹೋದ. ಹಳೆಯ ಹಾರ್ಮೋನಿಯಂ ಮೂಲೆಯಲ್ಲೇ ಇತ್ತು. ಅದರ ಕಪ್ಪು ಬಿಳಿ ಮನೆಗಳ ಸಾಲಿನಲ್ಲಿ, ಶಾಲೆಯ ದಿನಗಳಲ್ಲಿ ಅವರು ಶ್ರುತಿ ಹಿಡಿಯುತ್ತಿದ್ದ ಮನೆಯ ಮೇಲೆ ಒಂದು ಇಂಕಿನ ಚುಕ್ಕೆಯಿತ್ತು. ಇಟ್ಟವನು ತಾನೇ ಎಂಬುದು ಅವನಿಗೆ ನೆನಪಾಯಿತು.

ಅವನು ತಿದಿ ಒತ್ತಿ ಆ ಮನೆಯನ್ನು ನುಡಿಸಿದ. ಗಿಟಾರಿನ ತಂತಿ ಮೀಟಿದ. ಎರಡೂ ಕೂಡಲಿಲ್ಲ. ಸಿಕ್ಕಿಬಿದ್ದ ಕಳ್ಳ, ಎಂದು ಅವನಿಗೆ ಖುಷಿಯೇ ಆಯಿತು. ಒಂದು ಮನೆ ಮೇಲೆ ಒತ್ತಿದ, ಕೂಡಲಿಲ್ಲ. ಎರಡು ಮನೆ ಮೇಲೆ ಒತ್ತಿದ, ಇನ್ನೂ ದೂರವಾಯಿತು. ಖುಷಿ ಹೋಯಿತು. ಚುಕ್ಕೆಯ ಹತ್ತಿರಕ್ಕೆ ಬಂದು ಕೆಳಗೆ ಇಳಿದ. ಒಂದು ಮನೆ, ಇಲ್ಲ. ಎರಡು ಮನೆ, ಇಲ್ಲ. ಮೂರನೆಯ ಮನೆಯಲ್ಲಿ ತಂತಿಯೂ ಹಾರ್ಮೋನಿಯಮ್ಮೂ ಒಂದೇ ದನಿಯಾದವು.

ಅವನ ಕೈ ತಿದಿಯ ಮೇಲೆ ಹಾಗೇ ನಿಂತಿತು. ಶ್ರುತಿ ಏರಿರಲಿಲ್ಲ. ಮೂರು ಮನೆ ಇಳಿದಿತ್ತು. ದೇವರು ಕೊಟ್ಟ ಗಂಟಲು ಯಾವತ್ತೋ ಇಳಿದಿತ್ತು, ಅದಕ್ಕೆ ಗೊತ್ತಾಗದ ಹಾಗೆ ಹಾಡೂ ಜೊತೆಗೇ ಇಳಿದಿತ್ತು. ಆಮೇಲೆ ಅವನು ತಂತಿಯನ್ನು ಮುಟ್ಟಿ ನೋಡಿದ. ಶ್ರುತಿ ಇಳಿಸಿದರೆ ಸಣ್ಣ ತಂತಿ ಸಡಿಲಾಗಿ ಬಡಬಡಿಸುತ್ತದೆ. ಅದಕ್ಕೆ ಗಿಟಾರಿನವ ದಪ್ಪ ತಂತಿ ಹಾಕಿದ್ದ, ಬಟ್ಟೆ ಒಣಹಾಕಬಹುದು ಅಷ್ಟು ದಪ್ಪ. ಅದನ್ನು ಒತ್ತಿ ಒತ್ತಿಯೇ ಆ ಬೆರಳು ಹಾಗಾಗಿತ್ತು. ತಾನು ಆಡಿಕೊಂಡದ್ದು ಆ ಬೆರಳನ್ನು.

ಗಿಟಾರಿನವ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. ನೋಡಿದ ಕೂಡಲೇ ಅವನಿಗೆ ವಿಷಯ ತಿಳಿಯಿತು.

"ಎಷ್ಟು ವರ್ಷದಿಂದ?" ಎಂದ ಹಾಡುಗಾರ.

"ಹನ್ನೊಂದು."

"ನನಗೆ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಅವತ್ತೇ ಹಾಡೋದು ನಿಲ್ಲಿಸ್ತಿದ್ದೆ. ನೀನಿಲ್ದೆ ನಾವಿಬ್ರೂ ಏನು ಮಾಡ್ಬೇಕಿತ್ತು?"

"ಮತ್ತೆ ಈಗ ನೀನೇ ಸಾಕು ಅಂದೆಯಲ್ಲ?"

ಗಿಟಾರಿನವ ತನ್ನ ಎಡಗೈ ಚಾಚಿ ತೋರಿಸಿದ. "ನಿನಗೆ ಇನ್ನೂ ಅರ್ಧ ಮನೆ ಇಳಿಸಬೇಕು ಕಣೋ. ಇದಕ್ಕಿಂತ ದಪ್ಪದ ತಂತಿ ನನ್ನ ಕೈಲಿ ಒತ್ತೋಕಾಗಲ್ಲ."

ಹಾಡುಗಾರನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. ಹನ್ನೊಂದು ವರ್ಷ ತನ್ನನ್ನು ಮಗುವಿನಂತೆ ನಡೆಸಿಕೊಂಡರಲ್ಲ ಎಂಬ ಸಿಟ್ಟು. ಇವತ್ತು ಚುಕ್ಕೆಯ ಮನೆಗೇ ಶ್ರುತಿ ಮಾಡು, ಒಡೆದರೆ ಒಡೆಯಲಿ ಎಂದ. ಗಿಟಾರಿನವನ ಚೀಲದ ತಳದಲ್ಲಿ ಸಣ್ಣ ತಂತಿಯ ಒಂದು ಕಟ್ಟು ಹನ್ನೊಂದು ವರ್ಷದಿಂದ ಹಾಗೇ ಉಳಿದಿತ್ತು. ಅವನು ಅದನ್ನು ಹಾಕಿ, ಚುಕ್ಕೆಯ ಮನೆಗೆ ಶ್ರುತಿ ಮಾಡಿದ.

ಸಂಜೆ ಮೈದಾನ ತುಂಬಿತು. ಬಂದವರೆಲ್ಲ ಹೆಚ್ಚುಕಡಿಮೆ ಅವರ ವಯಸ್ಸಿನವರೇ. ಮಂಡಿ ನೋವಿನವರು ಮನೆಯಿಂದಲೇ ಕುರ್ಚಿ ತಂದಿದ್ದರು. ಕೊನೆಗೆ ಆ ಹಾಡು ಬಂತು. ವಾದ್ಯಗಳು ನಿಂತವು. ಹಾಡುಗಾರ ಕಣ್ಣು ಮುಚ್ಚಿ ಕೂಗಿದ. ಕೂಗು ಅರ್ಧ ದಾರಿ ಹತ್ತಿ ಸೀಳಿಹೋಯಿತು.

ಜನರಾದರೂ ಎತ್ತಿಕೊಳ್ಳುತ್ತಾರೆ ಎಂದು ಅವನು ಮೈದಾನದ ಕಡೆ ನೋಡಿದ. ಅವರು ಬಾಯಿ ತೆರೆದೇ ಇದ್ದರು. ಅವರಿಗೂ ಆ ಎತ್ತರ ಸಿಗಲಿಲ್ಲ. ಗುಮಾಸ್ತರಿಗೆ ಸಿಗಲಿಲ್ಲ, ಹೆಡ್‌ಮಾಸ್ತರರಿಗೆ ಸಿಗಲಿಲ್ಲ. ಸಾವಿರ ಗಂಟಲು ಒಂದೇ ಸಲ ಸೀಳಿದವು. ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡರು, ಕೆಡಿಸಿದವನು ಪಕ್ಕದವನೇ ಇರಬೇಕು ಎನ್ನುವಂತೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಎದ್ದು ನಿಂತು ಕಿರುಚಿದ. "ಶ್ರುತಿ ತಪ್ಪಿದೆ ಕಣ್ರೀ! ಸರಿ ಮಾಡ್ಕೊಂಡು ಹಾಡ್ರೀ!" ಹೌದು ಹೌದು ಎಂದರು ಎಲ್ಲರೂ. ಹನ್ನೊಂದು ವರ್ಷದಲ್ಲಿ ಶ್ರುತಿ ಸರಿಯಾಗಿದ್ದದ್ದು ಅವತ್ತು ಒಂದೇ ದಿನ.

ಗಿಟಾರಿನವ ತಲೆ ತಗ್ಗಿಸಿದ. ಗಿಟಾರ್ ಹಿಡಿದುಕೊಂಡು ಅಭ್ಯಾಸಬಲದಿಂದ ಪರದೆಯ ಕಡೆ ಹೊರಟ. ಹಾಡುಗಾರ ಅವನ ತೋಳು ಹಿಡಿದುಕೊಂಡ.

"ಎಲ್ಲಿಗೆ ಹೋಗ್ತೀಯ? ಇಲ್ಲೇ ಕೂತ್ಕೊ. ನನ್ನ ಕಣ್ಣೆದುರಿಗೇ ಇಳಿಸು. ಇನ್ನೂ ಅರ್ಧ ಮನೆ ಅಂದೆಯಲ್ಲ, ಅದನ್ನೂ ಇಳಿಸಿಬಿಡು."

"ತಂತಿ ಸಣ್ಣದು. ಬಡಬಡಿಸುತ್ತೆ."

"ಬಡಬಡಿಸಲಿ. ನಿನ್ನ ಬೆರಳು ಉಳಿಯುತ್ತೆ."

ಗಿಟಾರಿನವ ಮೈಕಿನ ಮುಂದೆಯೇ ಕೂತು ಬಿರಡೆ ತಿರುಗಿಸಿದ. ಸ್ವರ ಜಾರಿ ಜಾರಿ ಕೆಳಗೆ ಬರುವುದು ಮೈದಾನಕ್ಕೆಲ್ಲ ಕೇಳಿಸಿತು. ಮೊದಲು ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ತಾವು ಎಷ್ಟು ಇಳಿದಿದ್ದೇವೆ ಎಂಬುದನ್ನು ಎಲ್ಲರೂ ಕೂತು ಕೇಳಿದರು. ಬಿರಡೆ ನಿಂತ ಮೇಲೆ ಹಾಡುಗಾರ ಇನ್ನೊಂದು ಸಲ ಕೂಗಿದ. ತಂತಿ ಬಡಬಡಿಸುತ್ತಿತ್ತು. ಕೂಗು ಹತ್ತಿತು, ಹತ್ತಿದ ಕಡೆ ನಿಂತಿತು. ಅವನು ಈ ಸಲ ಯಾರ ಮುಖವನ್ನೂ ತಿರುಗಿ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನರಹರಿ ಗವಸನ್ನು ಪಕ್ಕಕ್ಕಿಟ್ಟ.

"ಆಮೇಲೆ, ಗುರುಗಳೇ? ಅವರು ನಿಲ್ಲಿಸಿದರೋ, ಹಾಡುತ್ತಲೇ ಇದ್ದರೋ?"

"ನಿಲ್ಲಿಸಿದರು ಎನ್ನುವವರೂ ಇದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ನಾನು ಇಬ್ಬರನ್ನೂ ನಂಬಿಲ್ಲ," ಎಂದು ಗುರುಗಳು ಎದ್ದು ಹೋಗಿ ಗೂಡಿನಿಂದ ಸಭೆಯ ಕಾಗದವನ್ನು ತೆಗೆದು ಶಿಷ್ಯನ ಕೈಗೆ ಕೊಟ್ಟರು. "ಬರುತ್ತೇನೆ ಎಂದು ಬರೆದು ಹಾಕು."

ನರಹರಿ ಕಾಗದ ತೆಗೆದುಕೊಂಡ. ಅವನ ಇನ್ನೊಂದು ಕೈ ತಂಬೂರಿಯ ಬಿರಡೆಗಳ ಮೇಲಿತ್ತು. ಗುರುಗಳು ಆ ಕೈಯನ್ನೇ ನೋಡುತ್ತ ಹೇಳಿದರು:

"ನಾಳೆಯಿಂದ ಒಳಗಿನ ಕೋಣೆ ಬೇಡ, ನನ್ನ ಕಣ್ಣೆದುರಿಗೇ ಇಳಿಸು."