ಬಾಗಿಲ ಹೊರಗೆ ಇನ್ನೊಂದು ವರ್ಷ

ಕ್ರೈಸ್ತ ಸಭೆ ಇನ್ನೂ ಎಳೆಯದಾಗಿದ್ದ ಕಾಲ. ಸಿರಿಯಾ ದೇಶದ ಒಂದು ಬಂದರಿನಲ್ಲಿ ಅಗಥೋನ ಎಂಬ ಹಗ್ಗ ಹೊಸೆಯುವವನಿದ್ದ. ದೀಕ್ಷಾಸ್ನಾನ ಪಡೆದು ಸಭೆಗೆ ಸೇರಬೇಕೆಂಬುದು ಅವನ ಆಸೆ. ಆದರೆ ಆಗೆಲ್ಲ ಕೇಳಿದ ತಕ್ಷಣ ಕೊಡುತ್ತಿರಲಿಲ್ಲ. ಮೂರು ವರ್ಷ ಕಲಿಯಬೇಕಿತ್ತು. ಬೋಧನೆ ಮುಗಿದ ಕೂಡಲೇ ಕಲಿಯುವವರೆಲ್ಲ ಎದ್ದು ಹೊರಗೆ ಹೋಗಬೇಕು. ಆಮೇಲೆ ಬಾಗಿಲು ಮುಚ್ಚಿ, ಒಳಗಿನವರು ಪ್ರಾರ್ಥಿಸಿ ರೊಟ್ಟಿ ಹಂಚಿಕೊಳ್ಳುತ್ತಿದ್ದರು. ನಾವಾಗಿದ್ದರೆ ಎರಡನೆಯ ವಾರವೇ ಮುಖ ಊದಿಸಿಕೊಂಡು ಮನೆ ಸೇರುತ್ತಿದ್ದೆವು.

ಅಗಥೋನ ಮಾತ್ರ ಗೋಡೆಗೆ ಒರಗಿ ಒಳಗಿನ ಹಾಡು ಕೇಳುತ್ತಿದ್ದ. ಪದಗಳು ತಿಳಿಯುತ್ತಿರಲಿಲ್ಲ, ರಾಗವಷ್ಟೇ. ಅದನ್ನೇ ಗುನುಗುತ್ತಾ ಹಗ್ಗ ಹೊಸೆಯುತ್ತಿದ್ದ.

ಮೂರು ವರ್ಷ ಕಳೆದು, ದೀಕ್ಷಾಸ್ನಾನ ಕೊಡುವ ಹಬ್ಬಕ್ಕೆ ಮುನ್ನ ವಿಚಾರಣೆಯ ದಿನ ಬಂತು. ಅಲ್ಲಿನ ಪದ್ಧತಿಯಂತೆ ಪ್ರಶ್ನೆ ಕೇಳುವುದು ಕಲಿತವನನ್ನಲ್ಲ, ಅವನನ್ನು ಸಭೆಗೆ ಕರೆತಂದವರನ್ನು. ಅಗಥೋನನನ್ನು ಕರೆತಂದವಳು ಇರೇನಾ ಎಂಬ ಮುದುಕಿ. ಅವನೆಂದರೆ ಹೆತ್ತ ಮಗನಷ್ಟು ಪ್ರೀತಿ. ವಿಧವೆಯರನ್ನು ಗೌರವಿಸಿದನೇ ಎಂದು ಸಭೆಯ ಹಿರಿಯರು ಕೇಳಿದರು. ಹೌದೆಂದಳು. ಕಾಯಿಲೆಯವರನ್ನು ನೋಡಲು ಹೋದನೇ ಎಂದರು. ಅದಕ್ಕೂ ಹೌದೆಂದಳು.

ಅದು ಪೂರ್ತಿ ನಿಜವಲ್ಲವೆಂದು ಅಗಥೋನನಿಗೆ ಗೊತ್ತಿತ್ತು. ಪಕ್ಕದ ಓಣಿಯಲ್ಲಿ ನಿಕಿಯ ಎಂಬವನು ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಹಿಂದೊಮ್ಮೆ ನಾಲ್ವರ ಎದುರು ಇವನನ್ನು ಮೋಸಗಾರ ಎಂದಿದ್ದವನು. ಆ ಸಿಟ್ಟಿಗೆ ಅಗಥೋನ ಅವನ ಹೊಸ್ತಿಲು ತುಳಿದಿರಲಿಲ್ಲ. ಇರೇನಾಗೆ ಇದು ಗೊತ್ತಿಲ್ಲ. ಈಗ ಸುಮ್ಮನಿದ್ದುಬಿಟ್ಟರೆ ಬರುವ ಭಾನುವಾರ ಅವನೂ ಒಳಗೆ. ಆದರೂ ಅಗಥೋನ ಎದ್ದು ನಿಂತ.

"ಅಯ್ಯಾ, ಅಮ್ಮನಿಗೆ ತಿಳಿಯದು. ನಿಕಿಯನನ್ನು ನಾನು ನೋಡಲು ಹೋಗಲಿಲ್ಲ. ಸಿಟ್ಟಿತ್ತು."

ಹಿರಿಯರು, ಇನ್ನೊಂದು ವರ್ಷ ಕಾಯಬೇಕಪ್ಪ ಎಂದರು.

ಅಗಥೋನ ದಾರಿಯುದ್ದಕ್ಕೂ ಅತ್ತ. ಅಳುತ್ತಲೇ ನಿಕಿಯನ ಮನೆಗೆ ಹೋದ. ನಿಕಿಯ ಗೋಡೆಯ ಕಡೆ ಹೊರಳಿ ಮಲಗಿದ. ಇವನು ಗಂಜಿ ಕಾಯಿಸಿಟ್ಟು ಬಂದ. ಮರುದಿನವೂ ಹೋದ. ಹಬ್ಬದ ಬೆಳಗ್ಗೆ ಜೊತೆಗೆ ಕಲಿತವರೆಲ್ಲ ಬಿಳಿ ಬಟ್ಟೆ ತೊಟ್ಟು ಒಳಗೆ ನಡೆದರು. ಇವನು ಹೊರಗೆ ನಿಂತು ಹಾಡು ಕೇಳಿ, ಕಣ್ಣೊರೆಸಿಕೊಂಡು, ನಿಕಿಯನ ಮನೆಗೆ ನೀರು ಹೊತ್ತ.

ಮರುವರ್ಷ ಹಿರಿಯರು ಅದೇ ಪ್ರಶ್ನೆ ಕೇಳಿದರು. ಇರೇನಾ ಬಾಯಿ ತೆರೆಯುವ ಮೊದಲೇ ಹಿಂದೆ ಕುಳಿತಿದ್ದ ಒಬ್ಬ ಕೋಲೂರಿಕೊಂಡು ಎದ್ದ. ಅವನು ನಿಕಿಯ.

"ಬಂದಿದ್ದ, ಅಯ್ಯಾ. ಒಂದು ದಿನವೂ ತಪ್ಪಿಸಲಿಲ್ಲ. ಇನ್ನು ಇವನನ್ನು ಒಳಗೆ ಕರೆದುಕೊಳ್ಳಿ. ಇವನ ಜಾಗದಲ್ಲಿ ಕಲಿಯುತ್ತಾ, ಹೊರಗೆ ನಿಂತು ಕಾಯಲು ನಾನಿದ್ದೇನೆ."

ನೀತಿ: ಒಳಗೆ ಸೇರುವ ಹಂಬಲ ಎಷ್ಟೇ ಇರಲಿ, ಸುಳ್ಳಿನ ಬೆನ್ನೇರಿ ಹೋಗಬಾರದು. ನಿಜ ಹೇಳಿ, ಬಿಟ್ಟ ಕೆಲಸವನ್ನು ಮಾಡುತ್ತಾ ಕಾದವನ ಆ ವರ್ಷ ವ್ಯರ್ಥವಲ್ಲ. ಅದು ಇನ್ನೊಬ್ಬನನ್ನೂ ಬಾಗಿಲವರೆಗೆ ಕರೆತರುತ್ತದೆ.