ನಿಲ್ಲು ಅಂದರೆ ನಿಲ್ಲದ ಜೀವಕೋಶ

ನದಿಯ ಈ ದಡದಲ್ಲಿ ಗುರು ಶಂಭುಲಿಂಗಯ್ಯನವರ ಆಶ್ರಮ. ಅಲ್ಲಿ ಜಪಮಾಲೆ ಕಡಿಮೆ, ಸೂಕ್ಷ್ಮದರ್ಶಕಗಳೇ ಜಾಸ್ತಿ. ಕ್ಯಾನ್ಸರಿಗೆ ಮದ್ದು ಹುಡುಕುವುದೇ ಅಲ್ಲಿಯವರ ತಪಸ್ಸು. ಆಚೆ ದಡದಲ್ಲಿ ರೋಗಿಗಳ ಆಸ್ಪತ್ರೆ.

ಒಂದು ಬೆಳಿಗ್ಗೆ ಶಿಷ್ಯೆ ಶಾಂಭವಿ ಮದ್ದಿನ ಸೀಸೆ ಹಿಡಿದು ದೋಣಿಯ ಕಡೆಗೆ ಓಡಿದಳು. ಅಬ್ಬಬ್ಬಾ, ಏನು ಓಟ! ಸೆರಗು ಎತ್ತ ಹೋಯಿತೋ, ಚಪ್ಪಲಿ ಎಲ್ಲಿ ಬಿತ್ತೋ, ಅವಳಿಗೆ ಪರಿವೆಯೇ ಇಲ್ಲ.

“ಶಾಂಭವಿ, ನಿಲ್ಲು!” ಜಗಲಿಯಿಂದ ಗುರುಗಳು ಕೂಗಿದರು. ಮತ್ತೆ ಕೂಗಿದರು. ಕೊನೆಗೆ ತಮ್ಮ ಮೊಣಕಾಲನ್ನೇ ಬೈದುಕೊಳ್ಳುತ್ತಾ ಹಿಂದೆ ಬಂದು, ದೋಣಿಯ ಹಗ್ಗ ಹಿಡಿದುಕೊಂಡರು.

“ಸಿಕ್ತು ಗುರುಗಳೇ, ಸಿಕ್ಕೇಬಿಡ್ತು! ಮೈಯಲ್ಲಿರೋ ಜೀವಕೋಶಕ್ಕೆ ‘ಸಾಕು, ನಿಲ್ಲು’ ಅಂತ ಸಂದೇಶ ಬರುತ್ತೆ. ರೋಗದ ಕೋಶ ಮಾತ್ರ ಕೇಳಲ್ಲ, ಬೆಳೀತಾನೇ ಇರುತ್ತೆ. ತಟ್ಟೆಯಲ್ಲಿ ಬೆಳೆಸಿದ ರೋಗದ ಕೋಶಗಳಿಗೆ ಆ ಸಂದೇಶವನ್ನೇ ಜೋರು ಮಾಡೋ ಮದ್ದು ಹಾಕಿದೆ. ನಿಂತುಬಿಟ್ಟಿವೆ! ಈಗಲೇ ಆಸ್ಪತ್ರೆಯಲ್ಲಿರೋ ನಿಂಗವ್ವನಿಗೆ ಕೊಡ್ತೀನಿ. ಪಾಪ, ಎಳೆಕೂಸಿನ ತಾಯಿ, ಅವಳಿಗೆ ಹೆಚ್ಚು ದಿನ ಇಲ್ಲ.”

“ಮದ್ದು ಯಾವ ತಟ್ಟೆಯಲ್ಲಿದೆ ಅಂತ ಗೊತ್ತಿದ್ದೇ ನೋಡಿದೆಯಾ?”

“ಹಾಕಿದವಳು ನಾನೇ ಅಲ್ವಾ!”

ಗುರುಗಳು ಅವಳನ್ನು ಪ್ರಯೋಗಶಾಲೆಗೆ ಕರೆದೊಯ್ದರು. ಮದ್ದು ಹಾಕಿದ ಮತ್ತು ಹಾಕದ ತಟ್ಟೆಗಳ ಗುರುತು ಕಾಣದಂತೆ ಕಾಗದ ಅಂಟಿಸಿ, ಅದಲು ಬದಲು ಮಾಡಿಟ್ಟರು.

“ಈಗ ಹೇಳು. ಯಾವುದರಲ್ಲಿ ಬೆಳವಣಿಗೆ ನಿಂತಿದೆ?”

ಶಾಂಭವಿ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. “ಇದರಲ್ಲಿ! ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ!”

ಗುರುಗಳು ಕಾಗದ ಕಿತ್ತರು. ಮದ್ದೇ ಹಾಕದ ತಟ್ಟೆ.

ಅವಳು ಇನ್ನೊಂದನ್ನು ತೋರಿಸಿದಳು. ಅದೂ ಹಾಗೇ.

ಶಾಂಭವಿಯ ಕಣ್ಣು ತುಂಬಿ ಬಂತು. ಸೀಸೆಯನ್ನು ಮೇಜಿನ ಮೇಲಿಟ್ಟಳು. “ನನಗೆ ಬೇಕಾದ್ದನ್ನೇ ನೋಡಿದೆ ಗುರುಗಳೇ. ಇದನ್ನ ಹಿಡ್ಕೊಂಡು ನಿಂಗವ್ವನ ಮುಂದೆ ಹೋಗಿ ನಿಂತಿದ್ದರೆ...”

“ಬೆಳಿಗ್ಗೆ ನಿಲ್ಲು ಅಂತ ಕೂಗಿದೆನಲ್ಲ, ಕೇಳಿಸ್ತಾ?”

“ಇಲ್ಲ.”

“ಕಿವಿ ಮಂದವಾ?”

“ಕಿವಿ ಸರಿಯಾಗೇ ಇದೆ. ಒಳಗಡೆ ಮನಸ್ಸು ‘ಓಡು, ಓಡು’ ಅಂತಿತ್ತು. ಅದರ ಗದ್ದಲದಲ್ಲಿ ನಿಮ್ಮ ಕೂಗು...”

ಮಾತು ಅರ್ಧಕ್ಕೇ ನಿಂತಿತು. ಶಾಂಭವಿ ಧಡಕ್ಕನೆ ಎದ್ದಳು.

“ಗುರುಗಳೇ! ರೋಗದ ಕೋಶದ ಕಿವಿಯೂ ಸರಿಯಾಗೇ ಇದ್ದರೆ? ಅದರ ಒಳಗೇ ಯಾವುದೋ ಒಂದು ‘ಬೆಳಿ, ಬೆಳಿ’ ಅಂತ ಅರಚ್ತಾ ಇದ್ದರೆ? ಹೊರಗಿಂದ ನಾವು ಎಷ್ಟು ಕೂಗಿದರೇನು ಬಂತು! ಮೊದಲು ಆ ಒಳಗಿನ ಬಾಯಿ ಮುಚ್ಚಿಸಬೇಕು!”

ಗುರುಗಳ ಮುಖ ಅರಳಿತು. ಅವಳು ಆಗಲೇ ಹೊಸ ತಟ್ಟೆಗಳನ್ನು ತರಲು ಒಳಕೋಣೆಗೆ ಓಡುತ್ತಿದ್ದಳು.

“ನಿಲ್ಲು,” ಅಂದರು ಗುರುಗಳು, ಮೆಲ್ಲಗೆ.

ಶಾಂಭವಿ ನಿಂತಳು. ತಿರುಗಿ ನೋಡಿದಳು.

“ಕೇಳಿಸ್ತಲ್ಲ? ಇನ್ನು ಓಡು. ನಿಂಗವ್ವ ಕಾಯ್ತಿದ್ದಾಳೆ.”